ಸಾಕ್ಷಿ ಮಜೂರಿ ಪುಸ್ತಕದಿಂದ ಶುರುವಾಗಲಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯವಳು. ಮೂರು ತಲೆಮಾರಿನಿಂದ ನಮ್ಮದು ಕ್ರೈಸ್ತ ಮನೆತನ. ಸೀರೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನೇಕಾರರ ಮಜೂರಿ ಪುಸ್ತಕವೂ ನನ್ನ ಕೈಯಲ್ಲೇ ಇದೆ. ನಮ್ಮ ಸಭೆಗೆ ಹೊಸದಾಗಿ ಬಂದ ಸಭಾಪಾಲಕರು ಪ್ರತಿಯೊಬ್ಬರೂ ಕ್ರಿಸ್ತನಿಗೆ ಸಾಕ್ಷಿಯಾಗಬೇಕು ಎನ್ನುತ್ತಾರೆ. ತಿಂಗಳ ಕೊನೆಗೆ ಎಷ್ಟು ಜನರ ಹತ್ತಿರ ಮಾತನಾಡಿದಿರಿ ಎಂದೂ ಕೇಳುತ್ತಾರೆ. ನನಗೆ ಅಷ್ಟು ಮಾತು ಬರುವುದಿಲ್ಲ. ಈಗಿನ ವಾತಾವರಣದಲ್ಲಿ ಹೆದರಿಕೆಯೂ ಇದೆ. ನಮ್ಮ ಓಣಿಯಲ್ಲಿ ಲಿಂಗಾಯತರು, ನೇಕಾರ ಮನೆತನದವರು, ಮುಸ್ಲಿಮರು ಇದ್ದಾರೆ. ಎಲ್ಲರೂ ನಮ್ಮನ್ನು ಚೆನ್ನಾಗಿ ಕಾಣುತ್ತಾರೆ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ಒಳ್ಳೆಯವಳಾಗಿ ಬದುಕಿದರೆ ಸಾಕೇ, ಅಥವಾ ಸುಮ್ಮನಿದ್ದರೆ ಕರ್ತನನ್ನು ಅಲ್ಲಗಳೆದಂತೆ ಆಗುತ್ತದೆಯೇ? ಪ್ರಸಾದ ಕೊಟ್ಟರೆ ಏನು ಮಾಡಲಿ? ಪಕ್ಕದ ಮನೆಯವರು ಕಾಯಿಲೆ ಬಿದ್ದಾಗ ಪ್ರಾರ್ಥನೆ ಮಾಡಬಹುದೇ? ಇನ್ನೊಂದು ಮಾತು. ದೋಷವಿಲ್ಲದ ಸೀರೆಗೂ ಕೆಲವೊಮ್ಮೆ ‘ಡ್ಯಾಮೇಜ್’ ಎಂದು ಬರೆದು ಮಜೂರಿ ಕಡಿತ ಮಾಡಲು ಸಾಹುಕಾರರು ಹೇಳುತ್ತಾರೆ. ಬರೆಯುತ್ತೇನೆ. ಆ ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ:

ಸಹೋದರಿ, ಪತ್ರದ ಕೊನೆಗೆ ‘ಇನ್ನೊಂದು ಮಾತು’ ಎಂದು ಸೇರಿಸಿದ್ದೀರಲ್ಲ, ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಪ್ರಸಾದ, ಹೆದರಿಕೆ, ತಿಂಗಳ ಲೆಕ್ಕ, ಇವಕ್ಕೂ ಬರುತ್ತೇನೆ. ಆದರೆ ಮಜೂರಿ ಪುಸ್ತಕವನ್ನು ಬದಿಗಿಟ್ಟು ನಾವಿಬ್ಬರೂ ಸಾಕ್ಷಿಯ ವಿಷಯ ಎಷ್ಟು ಮಾತನಾಡಿದರೂ ನಿಮಗೆ ನಿದ್ದೆ ಬರುವುದಿಲ್ಲ. ಬರಬಾರದು ಕೂಡ. ಆ ನಿದ್ದೆಗೇಡನ್ನು ನಾನು ದೇವರ ಕೃಪೆ ಎಂದೇ ತಿಳಿಯುತ್ತೇನೆ.

ನಮ್ಮ ಸಭೆಗಳಲ್ಲಿ ಸಾಕ್ಷಿ ಎಂದ ಕೂಡಲೇ ಕಣ್ಣು ಹೊರಗಿನವರ ಕಡೆ ಹೋಗುತ್ತದೆ. ಇನ್ನೂ ನಂಬದವರು ಯಾರು, ಯಾರಿಗೆ ಹೇಳಬೇಕು, ಯಾರನ್ನು ಕರೆತರಬೇಕು ಎಂದೇ ಯೋಚನೆ. ಸತ್ಯವೇದವನ್ನು ಬಹುಕಾಲ ಓದಿದ ಮೇಲೆ, ಕಲಿಸಿದ ಮೇಲೆ, ನನ್ನಲ್ಲಿ ಗಟ್ಟಿಯಾಗಿ ನಿಂತ ತಿಳಿವಳಿಕೆ ಬೇರೆ. ನಮ್ಮ ನಂಬಿಕೆ ಮೊದಲು ಕಾಣಬೇಕಾದದ್ದು ನಾವು ಯಾರಿಗೆ ಬಾಕಿ ಇದ್ದೇವೋ ಅವರ ಕಣ್ಣಿಗೆ. ನಮ್ಮಿಂದ ಕೂಲಿ ಬರಬೇಕಾದವರು, ನಮಗೆ ಸಾಲ ಕೊಟ್ಟವರು, ನಮ್ಮ ಬರಹವನ್ನು ನಂಬಿ ಹೆಬ್ಬೆಟ್ಟು ಒತ್ತುವವರು, ಮನೆಯಲ್ಲಿ ನಮ್ಮ ಸಿಟ್ಟನ್ನು ನುಂಗಿಕೊಂಡು ಸುಮ್ಮನಿರುವವರು. ಇವರಿಗೆ ನಾವು ಯೇಸುವಿನವರು ಎಂಬುದು ಗೊತ್ತಾಗದಿದ್ದರೆ, ಉಳಿದವರಿಗೆ ಹೇಳುವ ಮಾತಿಗೆ ಬಲವಿಲ್ಲ.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನೂ ಲೆಕ್ಕದವನೇ, ಸುಂಕದವರ ಮುಖ್ಯಸ್ಥ. ಯೇಸು ಮನೆಗೆ ಬಂದಾಗ ಆತ ಎದ್ದು ನಿಂತು ಆಡಿದ ಮಾತುಗಳಲ್ಲಿ ಧರ್ಮೋಪದೇಶದ ಒಂದು ಸಾಲೂ ಇಲ್ಲ. ಎಲ್ಲವೂ ಹಣದ ಮಾತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಈ ಮನೆಗೆ ಇಂದು ರಕ್ಷಣೆ ಬಂತು ಎಂದು ಯೇಸು ನುಡಿದದ್ದು ಆ ಲೆಕ್ಕ ಕೇಳಿದ ಮೇಲೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ಇನ್ನೂ ಖಾರವಾಗಿದೆ. ಹೊಲ ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತಾನೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಬಡ ಕೂಲಿಯವನ ಹಣವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಎಂದು ವಿಧಿಸುತ್ತದೆ. ಏಕೆಂದರೆ ಅವನು ಅದರ ಮೇಲೆಯೇ ಜೀವ ಇಟ್ಟುಕೊಂಡಿದ್ದಾನೆ.

ಬಟವಾಡೆಯ ದಿನವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ನೇಕಾರ ಸೀರೆಗಳ ಗಂಟನ್ನು ತಂದು ಇಡುತ್ತಾನೆ. ಅಂಗಡಿಯವರು ಒಂದೊಂದನ್ನೇ ಬಿಚ್ಚಿ ಅಂಚು, ಸೆರಗು, ಒಡಲು ನೋಡುತ್ತಾರೆ. ಎಳೆ ಕಡಿದಿದೆಯೇ, ಎಣ್ಣೆಯ ಕಲೆ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿಯುತ್ತಾರೆ. ಅಷ್ಟು ಹೊತ್ತೂ ಆತ ಅವರ ಮುಖವನ್ನೇ ನೋಡುತ್ತಾ ನಿಂತಿರುತ್ತಾನೆ. ಆ ಗಂಟಿನಲ್ಲಿರುವುದು ಅವನೊಬ್ಬನ ದುಡಿಮೆಯಲ್ಲ. ಹೆಂಡತಿ ಕಂಡಿಕೆಗೆ (ನೂಲಿನ ಸಣ್ಣ ಉರುಳೆಗೆ) ನೂಲು ಸುತ್ತಿದ್ದಾಳೆ. ಹಗಲು ಕರೆಂಟ್ ಕೈಕೊಟ್ಟರೆ ರಾತ್ರಿ ಬಂದಾಗ ಎದ್ದು ಮಗ್ಗ ನಡೆಸಿದ್ದಾರೆ. ನೀವು ‘ಡ್ಯಾಮೇಜ್’ ಎಂದು ಬರೆಯುವ ಒಂದೇ ಪದ ಆ ಮನೆಯ ವಾರದ ಸಂತೆಯನ್ನು ಕಡಿಮೆ ಮಾಡುತ್ತದೆ. ಮುಂಗಡ ಪಡೆದವನಾದರೆ ಎದುರು ಮಾತನಾಡಲು ಅವನಿಗೆ ನಾಲಿಗೆಯೇ ಏಳುವುದಿಲ್ಲ. ಅವನು ನಿಮ್ಮನ್ನು ನೋಡುತ್ತಾನೆ. ನೀವು ಭಾನುವಾರ ಎಲ್ಲಿಗೆ ಹೋಗುತ್ತೀರಿ ಎಂಬುದು ಅವನಿಗೆ ಗೊತ್ತು. ನಿಮ್ಮ ಸಭಾಪಾಲಕರು ಹೇಳುವ ಸಾಕ್ಷಿ ಆ ಕ್ಷಣದಲ್ಲಿ ನಡೆದುಹೋಗುತ್ತದೆ, ನೀವು ಬಾಯಿ ತೆರೆದರೂ ತೆರೆಯದಿದ್ದರೂ.

ಹಾಗಾದರೆ ಏನು ಮಾಡಬೇಕು? ನಾಳೆಯೇ ಕೆಲಸ ಬಿಟ್ಟು ಬನ್ನಿ ಎಂದು ಹೇಳುವುದಿಲ್ಲ. ನಿಮ್ಮ ಮನೆಯ ಒಲೆ ಆ ಸಂಬಳದಿಂದ ಉರಿಯುತ್ತದೆ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ ನೋಡಿ. ಬಾಬಿಲೋನಿಗೆ ಸೆರೆಯಾಗಿ ಹೋಗಿದ್ದ ಯೆಹೂದ್ಯ ಯುವಕ ದಾನಿಯೇಲ, ಅರಮನೆಯ ಊಟ ಬೇಡ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದರೂ ಎಲ್ಲರ ನಡುವೆ ತಟ್ಟೆ ತಳ್ಳಲಿಲ್ಲ. ಮೇಲ್ವಿಚಾರಕನ ಹತ್ತಿರ ವಿನಯದಿಂದ ಹೋದ. ಆ ಮನುಷ್ಯನಿಗೂ ರಾಜನ ಭಯವಿದೆ ಎಂಬುದನ್ನು ಅರ್ಥಮಾಡಿಕೊಂಡ. ಹತ್ತು ದಿನ ಕಾಯಿಪಲ್ಲೆ, ನೀರು ಕೊಟ್ಟು ಪರೀಕ್ಷಿಸಿ ನೋಡಿ ಎಂದು ಬೇರೆ ದಾರಿಯನ್ನು ತಾನೇ ಸೂಚಿಸಿದ.

ನೀವೂ ಹಾಗೆಯೇ ಮಾಡಿ. ಬಟವಾಡೆಯ ಗದ್ದಲದಲ್ಲಿ ಬೇಡ, ಗಿರಾಕಿಗಳ ಎದುರು ಬೇಡ. ಬೆಳಿಗ್ಗೆ ಅಂಗಡಿ ತೆರೆದು ಸಾಹುಕಾರರು ಸಮಾಧಾನವಾಗಿ ಕುಳಿತಾಗ ಹೇಳಿ: “ಸಾಹುಕಾರರೇ, ಸೀರೆಯಲ್ಲಿ ದೋಷ ಇದ್ದರೆ ನಾನೇ ಬರೆಯುತ್ತೇನೆ, ಯಾರ ಮುಲಾಜೂ ನೋಡುವುದಿಲ್ಲ. ಇಲ್ಲದ ದೋಷವನ್ನು ಮಾತ್ರ ನನ್ನ ಕೈಯಿಂದ ಬರೆಸಬೇಡಿ.” ಇಷ್ಟೇ ಸಾಕು. ಜೊತೆಗೆ ಒಂದು ದಾರಿಯನ್ನೂ ತೋರಿಸಿ. ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕೋಣ; ಯಾವ ಸೀರೆ, ಎಲ್ಲಿ ದೋಷ, ಎಷ್ಟು ಕಡಿತ ಎಂದು ಬರೆದು, ನೇಕಾರನಿಗೆ ಆ ಜಾಗ ತೋರಿಸಿ ಸಹಿ ಪಡೆಯೋಣ; ನಾಳೆ ತಕರಾರು ಬಂದರೆ ನಿಮಗೂ ದಾಖಲೆ ಇರುತ್ತದೆ ಎನ್ನಿ. ನಷ್ಟದ ಹೆಸರಿನಲ್ಲಿ ಕೂಲಿ ಹಿಡಿಯುವ ಮೊದಲು ಕೆಲಸಗಾರನಿಗೆ ಕಾರಣ ಹೇಳಲು ಅವಕಾಶ ಕೊಡಬೇಕು ಎಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲೇ ಇತ್ತು. ಮನೆಯಲ್ಲಿ ಕುಳಿತು ಮಜೂರಿಗೆ ನೇಯುವವರಿಗೆ ಅಂಥ ಕಾನೂನಿನ ರಕ್ಷಣೆ ಮುಟ್ಟುವುದು ಕಷ್ಟ. ಅದಕ್ಕೇ ನಿಮ್ಮ ಆ ಕಾಲಂಗೆ ಬೆಲೆಯಿದೆ.

ಮಾತು ಮುಗಿಸುವಾಗ ‘ನಾನು ಕ್ರೈಸ್ತಳು, ಆದ್ದರಿಂದ ಸುಳ್ಳು ಬರೆಯುವುದಿಲ್ಲ’ ಎಂದು ಸೇರಿಸಬೇಡಿ. ಆ ಮಾತಿನ ಬೆನ್ನಿಗೆ ‘ಉಳಿದವರು ಬರೆಯುತ್ತಾರೆ’ ಎಂಬ ಧ್ವನಿ ಬಂದುಬಿಡುತ್ತದೆ. ನಾವು ಬದುಕುತ್ತಿರುವ ನೆಲ ಯಾವುದು ಎಂಬುದನ್ನು ಮರೆಯಬಾರದು. ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಅವರ ಐಕ್ಯ ಸ್ಥಳವಾದ ಕೂಡಲಸಂಗಮ ನಿಮ್ಮ ಜಿಲ್ಲೆಯಲ್ಲೇ ಇದೆ. ನಡೆ ಬೇರೆ ನುಡಿ ಬೇರೆ ಆದವನನ್ನು ಇಲ್ಲಿನ ಜನ ಹನ್ನೆರಡನೆಯ ಶತಮಾನದಿಂದ ಗುರುತಿಸುತ್ತಾ ಬಂದಿದ್ದಾರೆ. ಕಾಯಕ ಶುದ್ಧವಾಗಿರಬೇಕು ಎಂಬುದನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ. ನಿಮ್ಮ ಸಾಹುಕಾರರ ಗದ್ದಿಗೆಯ ಹಿಂದೆ ಬಸವಣ್ಣನವರ ಭಾವಚಿತ್ರವಿದ್ದರೆ ಅವರೊಳಗೂ ನಿಮ್ಮ ಪರವಾಗಿ ಮಾತನಾಡುವ ಒಂದು ಮನಸ್ಸಿದೆ ಎಂದು ನಂಬಿ ಮಾತನಾಡಿ.

ಅವರು ಒಪ್ಪದಿದ್ದರೆ? ಮತ್ತೊಮ್ಮೆ ಕೇಳಿ. ಆಗಲೂ ಒತ್ತಾಯಿಸಿದರೆ ಬೇರೆ ಕೆಲಸ ನೋಡಿಕೊಳ್ಳಲೇಬೇಕು. ಮನೆಯವರ ಜೊತೆ, ಸಭೆಯ ಹಿರಿಯರ ಜೊತೆ ಮೊದಲೇ ಮಾತನಾಡಿ ಇಡಿ. ಸತ್ಯಕ್ಕಾಗಿ ಸಂಬಳ ಕಳೆದುಕೊಂಡ ಸಹೋದರಿಯ ಮನೆಗೆ ಕೆಲವು ತಿಂಗಳ ಜೋಳ, ಅಕ್ಕಿ ಮುಟ್ಟಿಸಲಾಗದ ಸಭೆ ಸಾಕ್ಷಿಯ ಉಪದೇಶವನ್ನೂ ಮಾಡಬಾರದು. ಇನ್ನು ಈವರೆಗೆ ಬರೆದ ಸುಳ್ಳು ಕಡಿತಗಳು ನಿಮಗೆ ನೆನಪಿರುತ್ತವೆ. ಮುಂದೆ ಸಾಧ್ಯವಾದಾಗ ಆ ನೇಕಾರರಿಗೆ ನಿಮ್ಮ ಕೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ತಿರುಗಿ ಕೊಡುವ ಮನಸ್ಸು ಬಂದರೆ ಅದನ್ನು ಅದುಮಿಡಬೇಡಿ. ಜಕ್ಕಾಯ ನಡೆದ ದಾರಿಯೇ ಅದು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಬದುಕಿದರೆ ಸಾಕೇ, ಮಾತನಾಡಲೂ ಬೇಕೇ?

ಪೇತ್ರನ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಎರಡೂ ಇವೆ. ಎರಡನ್ನೂ ಒಟ್ಟಿಗೆ ಓದುವವರು ಕಡಿಮೆ. ಆ ಪತ್ರ ಬರೆದದ್ದು ಏಷ್ಯಾ ಮೈನರಿನ ಪೊಂತ, ಗಲಾತ್ಯ, ಕಪ್ಪದೋಕ್ಯ ಮುಂತಾದ ಕಡೆ ಚದುರಿಹೋಗಿದ್ದ ಸಣ್ಣ ಸಣ್ಣ ಗುಂಪುಗಳಿಗೆ. ಅಕ್ಕಪಕ್ಕದವರ ಅನುಮಾನದ ನಡುವೆ ಬದುಕುತ್ತಿದ್ದ ಜನ ಅವರು, ನಿಮ್ಮ ಹೆದರಿಕೆ ಅವರಿಗೂ ಇತ್ತು. ಅಧ್ಯಾಯದ ಮೊದಲ ವಚನದಲ್ಲಿ, ನಂಬದ ಗಂಡಂದಿರಿರುವ ಹೆಣ್ಣುಮಕ್ಕಳಿಗೆ ಪೇತ್ರ ಹೇಳುವುದು ಮಾತಿಲ್ಲದೆಯೇ ನಡತೆಯಿಂದ ಗೆಲ್ಲಬಹುದು ಎಂದು. ಹದಿನೈದನೆಯ ವಚನದಲ್ಲಿ, ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನು ಎಂದು ಕೇಳಿದವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ, ಗೌರವದಿಂದ ಹೇಳಿ ಎನ್ನುತ್ತಾನೆ. ಒಂದು ಕಡೆ ಮಾತೇ ಇಲ್ಲ, ಇನ್ನೊಂದು ಕಡೆ ಮಾತಿಗೆ ಸಿದ್ಧತೆ. ಎರಡರ ನಡುವೆ ನಿಂತಿರುವುದು ಇನ್ನೊಬ್ಬರು ಕೇಳುವ ಪ್ರಶ್ನೆ. ಪ್ರಶ್ನೆ ಹುಟ್ಟುವಂತೆ ಬದುಕುವುದು ನಮ್ಮ ಕೆಲಸ. ಅದು ಹುಟ್ಟಿದ ದಿನ ನುಣುಚಿಕೊಳ್ಳದೆ ಉತ್ತರ ಕೊಡುವುದೂ ನಮ್ಮ ಕೆಲಸ. ಪ್ರಶ್ನೆಯೇ ಇಲ್ಲದ ಕಡೆ ಉತ್ತರ ಹೊತ್ತು ತಿರುಗುವ ಕರೆ ಎಲ್ಲರಿಗೂ ಇಲ್ಲ. ಸುವಾರ್ತಿಕರನ್ನು ದೇವರು ಬೇರೆಯಾಗಿ ನೇಮಿಸುತ್ತಾನೆ ಎಂದು ಎಫೆಸದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ಥೆಸಲೋನಿಕದ ಸಾಮಾನ್ಯ ವಿಶ್ವಾಸಿಗಳಿಗೆ ಪೌಲನ ಬುದ್ಧಿಮಾತು ಸುಮ್ಮನೆ ಶಾಂತವಾಗಿರಿ, ನಿಮ್ಮ ಕೆಲಸ ನೋಡಿಕೊಳ್ಳಿ, ಕೈಯಾರೆ ದುಡಿಯಿರಿ, ಹೊರಗಿನವರ ಮುಂದೆ ಮರ್ಯಾದೆಯಿಂದ ನಡೆದುಕೊಳ್ಳಿ ಎಂಬುದು. ಇದನ್ನು ನೀವು ಅಲ್ಲಗಳೆಯುವಿಕೆ ಎಂದು ಭಾವಿಸಬೇಕಾಗಿಲ್ಲ. ಅಲ್ಲಗಳೆಯುವುದು ಎಂದರೆ, ಒಬ್ಬರು ನೇರವಾಗಿ ಕೇಳಿದಾಗ ‘ಏನಿಲ್ಲ, ಹಾಗೇ’ ಎಂದು ಜಾರಿಕೊಳ್ಳುವುದು.

ಕೇಳಿದಾಗ ಹೇಗೆ ಹೇಳಬೇಕು? ಚಿಕ್ಕದಾಗಿ, ನಿಮ್ಮದೇ ಬದುಕಿನಿಂದ, ಮನೆಮಾತಿನ ಕನ್ನಡದಲ್ಲಿ. ಸಭೆಯೊಳಗೆ ನಾವು ಬಳಸುವ ದೊಡ್ಡ ದೊಡ್ಡ ಪದಗಳು ಅಂಗಡಿಯಲ್ಲಿ ಯಾರಿಗೂ ಮುಟ್ಟುವುದಿಲ್ಲ. ‘ನಾನು ಮಾಡಿದ ತಪ್ಪನ್ನು ಯೇಸು ಕ್ಷಮಿಸಿದ್ದಾನೆ ಎಂದು ನಂಬಿದ್ದೇನೆ. ಆಮೇಲೆ ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆಯಲು ಕೈ ಬರುವುದಿಲ್ಲ’ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ. ಅಷ್ಟು ಹೇಳಿ ನಿಲ್ಲಿಸಿ. ‘ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತಾರೆ?’ ಎಂದು ಕೇಳಿ, ಅವರ ಮಾತನ್ನು ಪೂರ್ತಿ ಆಲಿಸಿ. ಅವರ ದೇವರನ್ನು ಹಗುರವಾಗಿ ಮಾತನಾಡಿ ನಮ್ಮ ದೇವರನ್ನು ದೊಡ್ಡವನನ್ನಾಗಿ ಮಾಡಲು ಹೊರಡುವವರನ್ನು ಕಂಡರೆ ನನಗೆ ಬಹಳ ಸಂಕಟವಾಗುತ್ತದೆ. ಪೇತ್ರ ಗೌರವ ಎಂಬ ಪದವನ್ನು ಸುಮ್ಮನೆ ಸೇರಿಸಿಲ್ಲ.

ಹೆದರಿಕೆಯ ವಿಷಯಕ್ಕೆ ನೇರ ಮಾತು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ರಾಜ್ಯದ ಮತಾಂತರ ನಿಷೇಧ ಮಸೂದೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆದು, 2022ರಲ್ಲಿ ಕಾಯಿದೆಯಾಯಿತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಆ ಕಾಯಿದೆ ಆಮಿಷ ಎಂದು ಹೆಸರಿಸಿದ ಸಂಗತಿಗಳಲ್ಲಿ ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಭರವಸೆ ಎಲ್ಲವೂ ಇವೆ. ಅದರ ಬಗ್ಗೆ ರಾಜಕೀಯ ವಾದಗಳು ಏನೇ ಇರಲಿ, ವಿಶ್ವಾಸಿಯಾಗಿ ನಾನು ಹೇಳಬೇಕಾದದ್ದು ಒಂದಿದೆ: ಆಮಿಷವನ್ನು ಯೇಸು ಎಲ್ಲ ಕಾಯಿದೆಗಳಿಗಿಂತ ಬಹಳ ಮೊದಲೇ ನಿಷೇಧಿಸಿದ್ದಾನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದವನು ಆತ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದಾಗ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ. ಆದರೆ ಅವರಿಗೆ ಕೊಟ್ಟ ಆರೋಗ್ಯವನ್ನು ವಾಪಸು ಪಡೆಯಲಿಲ್ಲ. ಹಂಗಿಲ್ಲದ ಉಪಕಾರ ಎಂದರೆ ಅದು. ಪಕ್ಕದ ಮನೆಯ ಹುಡುಗನಿಗೆ ಗಣಿತ ಹೇಳಿಕೊಟ್ಟರೆ ಗಣಿತವನ್ನಷ್ಟೇ ಹೇಳಿಕೊಡಿ. ಆ ಉಪಕಾರದ ಬೆನ್ನಿಗೆ ಭಾನುವಾರದ ಆಹ್ವಾನವನ್ನು ಕಟ್ಟಬೇಡಿ.

ಈ ಭಾಗದಲ್ಲಿ ನಾವು ನಿನ್ನೆ ಮೊನ್ನೆ ಬಂದವರಲ್ಲ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದ್ದು 1820ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1851ರ ಹೊತ್ತಿಗೆ ಖಣದ ಊರಾದ ಗುಳೇದಗುಡ್ಡದಲ್ಲಿ ನೆಲೆ ಮಾಡಿಕೊಂಡಿತ್ತು. ಬೆಳಗಾವಿಯ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಇಷ್ಟು ಉದ್ದದ ಕಾಲದಲ್ಲಿ ಒಳ್ಳೆಯದೂ ನಡೆದಿದೆ, ಇಲ್ಲಿನ ಜನರ ಮನಸ್ಸನ್ನು ನೋಯಿಸಿದ ಮಾತುಗಳೂ ಬಂದಿವೆ. ಇವತ್ತಿಗೂ ಕನ್ನಡಿಗರು ಕೈಮುಗಿದು ನೆನೆಯುವ ಮಿಷನರಿ ಎಂದರೆ ಕಿಟೆಲ್. ಧಾರವಾಡ, ಹುಬ್ಬಳ್ಳಿಗಳಲ್ಲಿ ಇದ್ದು ದುಡಿದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದನ್ನು ತೆರೆದು ಪದ ಹುಡುಕುವವನನ್ನು ನಿನ್ನ ಧರ್ಮ ಯಾವುದು ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ಬಗೆಯ ಪ್ರಯತ್ನ ನೋಡಬೇಕಾದರೆ ಬೆಳಗಾವಿ ಜಿಲ್ಲೆಯ ದೇಶನೂರಿಗೆ ಹೋಗಬೇಕು. ಅಲ್ಲಿ ಯೇಸುಸಭೆಯ (ಜೆಸ್ವಿಟ್) ಕಥೋಲಿಕ ಗುರುಗಳು ಕಾವಿ ಧರಿಸಿ, ಸಸ್ಯಾಹಾರಿಗಳಾಗಿ, ವಿರಕ್ತಮಠದ ರೀತಿಯಲ್ಲಿ ಬದುಕುವ ದಾರಿ ಹಿಡಿದರು. ಅದನ್ನು ಮೆಚ್ಚುವವರೂ ಇದ್ದಾರೆ, ವೇಷ ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ, ಸುತ್ತಲಿನವರ ಬದುಕನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರಿಂದ ನಾವು ಕಲಿಯುವುದು ಬಹಳವಿದೆ. ಆದರೆ ತಾವು ಯಾರು ಎಂಬುದನ್ನು ಕೇಳಿದವರಿಗೆ ಮರೆಮಾಚಬಾರದು, ಅಷ್ಟೇ.

ಹಬ್ಬ, ಹೋಳಿಗೆ, ಪ್ರಸಾದ. ಮೊದಲನೆಯದಾಗಿ, ಪಡೆದುಕೊಳ್ಳುವುದನ್ನು ಕಲಿಯಿರಿ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸು ಸಮಾರ್ಯದ ಹೆಂಗಸಿನೊಂದಿಗೆ ಮಾತು ಆರಂಭಿಸಿದ್ದು ಕುಡಿಯಲು ನೀರು ಕೇಳಿ. ಕೊಡುವವನಾಗಿ ಅಲ್ಲ, ಬೇಡುವವನಾಗಿ. ಎಳ್ಳಮಾವಾಸ್ಯೆಗೆ ಯಾರಾದರೂ ಹೊಲಕ್ಕೆ ಕರೆದರೆ ಹೋಗಿ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆಯ ಬುತ್ತಿ ಬಿಚ್ಚಿದ ಕಡೆ ಕೂತು ಉಣ್ಣಿ. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟರೆ, ದಸರೆಗೆ ಬನ್ನಿ ಕೊಟ್ಟರೆ, ಅದು ನೆರೆಹೊರೆಯ ಪ್ರೀತಿ, ನಗುಮುಖದಿಂದ ತೆಗೆದುಕೊಳ್ಳಿ.

ಪೂಜೆಯಲ್ಲಿ ನೈವೇದ್ಯ ಮಾಡಿದ ಪ್ರಸಾದದ ವಿಷಯದಲ್ಲಿ ಸಭೆಗಳು ಒಂದೇ ಮನಸ್ಸಿನವಾಗಿಲ್ಲ. ಪೌಲ ಪತ್ರ ಬರೆದ ಕೊರಿಂಥದ ಸಭೆಯಲ್ಲೂ ಒಮ್ಮನಸ್ಸು ಇರಲಿಲ್ಲ. ನಂಬದವರು ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ, ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಿ ಎಂದು ಪೌಲ ಬರೆದ. ಇದು ನೈವೇದ್ಯದ್ದು ಎಂದು ಯಾರಾದರೂ ತಿಳಿಸಿ ಹೇಳಿದರೆ ಆ ಹೇಳಿದವರ ಮನಸ್ಸಾಕ್ಷಿಯನ್ನು ನೆನೆದು ಬಿಡಿ ಎಂದೂ ಬರೆದ. ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ, ಬಾಗಿಲಿಗೆ ಬಂದ ಅಕ್ಕನಿಗೆ ಕೈಜೋಡಿಸಿ, ‘ನಮ್ಮ ಪದ್ಧತಿಯಲ್ಲಿ ಪೂಜೆಯ ಪ್ರಸಾದ ತೆಗೆದುಕೊಳ್ಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಅಡುಗೆಮನೆಯ ಹೋಳಿಗೆ ಎಷ್ಟಾದರೂ ಕೊಡಿ’ ಎನ್ನಿ. ಓಣಿಯವರು ಇದನ್ನು ಅರ್ಥಮಾಡಿಕೊಳ್ಳುತ್ತಾರೆ, ಅವರಿಗೂ ತಮ್ಮ ತಮ್ಮ ನೇಮಗಳಿವೆ. ಎದುರಿಗೆ ಎರಡೂ ಕೈ ಚಾಚಿ ತೆಗೆದುಕೊಂಡು, ಅವರು ಬೆನ್ನು ತಿರುಗಿಸಿದ ಮೇಲೆ ತಿಪ್ಪೆಗೆ ಎಸೆಯುವುದನ್ನು ಮಾತ್ರ ಎಂದೂ ಮಾಡಬೇಡಿ. ಅದು ಸುಳ್ಳೂ ಹೌದು, ಅವಮಾನವೂ ಹೌದು.

ಕ್ರಿಸ್ಮಸ್‌ಗೆ ನಿಮ್ಮ ಸರದಿ. ಮನೆಯಲ್ಲಿ ಮಾಂಸದ ಅಡುಗೆ ಇರುತ್ತದೆ, ಓಣಿಯಲ್ಲಿ ಅದನ್ನು ಮುಟ್ಟದವರು ಇದ್ದಾರೆ. ಆದ್ದರಿಂದ ಹಿಂದಿನ ದಿನವೇ, ಮಾಂಸ ಮನೆಗೆ ಬರುವ ಮೊದಲು, ಬೇರೆ ಪಾತ್ರೆಯಲ್ಲಿ ಕರಚಿಕಾಯಿ, ಶೇಂಗಾ ಹೋಳಿಗೆ ಮಾಡಿ ಮುಚ್ಚಿಡಿ. ಹಂಚುವಾಗ ಅದನ್ನು ಯಾವಾಗ, ಯಾವುದರಲ್ಲಿ ಮಾಡಿದ್ದು ಎಂದು ಅವರು ಕೇಳುವ ಮೊದಲೇ ಹೇಳಿ. ಕೇಕ್ ಕೊಡುವುದಾದರೆ ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಸ್ಪಷ್ಟವಾಗಿ ಹೇಳಿ. ತಿಳಿಯದೆ ಮೊಟ್ಟೆ ತಿಂದ ಹಿರಿಯ ಅಜ್ಜಿಗೆ ಆಮೇಲೆ ಗೊತ್ತಾದರೆ ಆಗುವ ನೋವನ್ನು ಊಹಿಸಿಕೊಳ್ಳಿ. ಇನ್ನೊಬ್ಬರ ನೇಮವನ್ನು ಅವರು ಎದುರಿಗೆ ಇಲ್ಲದಾಗಲೂ ಕಾಪಾಡುವ ಮನೆ ಎಂಬ ಹೆಸರು ಒಮ್ಮೆ ಬಂದರೆ, ನಿಮ್ಮ ಮನೆಯ ಬಾಗಿಲಿನ ನಕ್ಷತ್ರದ ಅರ್ಥವನ್ನು ಅವರಾಗಿಯೇ ಕೇಳುತ್ತಾರೆ.

ಕಾಯಿಲೆಯವರ ಮನೆಗೆ ಹೋದಾಗ ಪ್ರಾರ್ಥಿಸಬಹುದು, ಆದರೆ ಮೊದಲು ಕೇಳಿ. ಕುರುಡ ಬಾರ್ತಿಮಾಯನಿಗೆ ಏನು ಬೇಕು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ‘ನಾನು ನಿನಗೆ ಏನು ಮಾಡಬೇಕು?’ ಎಂದು ಯೇಸು ಅವನನ್ನೇ ಕೇಳಿದ. ‘ನಿಮಗಾಗಿ ಪ್ರಾರ್ಥಿಸಲೇ?’ ಎಂದು ಕೇಳಿ, ಬೇಡ ಎಂದರೆ ಮನೆಗೆ ಬಂದು ಪ್ರಾರ್ಥಿಸಿ. ಹೂಂ ಎಂದರೆ ಎರ‍ಡು ನಿಮಿಷ, ಮೆಲ್ಲಗೆ. ಗುಣವಾಗುತ್ತದೆ ಎಂದು ಮಾತು ಕೊಡಬೇಡಿ, ಔಷಧಿ ಬಿಡಿ ಎಂದು ಹೇಳಲೇಬೇಡಿ. ಅದಕ್ಕಿಂತ ಮೊದಲು ಆಸ್ಪತ್ರೆಗೆ ಜೊತೆಗೆ ಹೋಗುವವರು ಇದ್ದಾರೆಯೇ, ರಾತ್ರಿ ಕಾಯಲು ಜನ ಬೇಕೇ, ಮಕ್ಕಳಿಗೆ ಊಟ ಆಗಿದೆಯೇ ಎಂದು ನೋಡಿ.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳದೆ ಬಿಡಲಾರೆ. ಸಮಾರ್ಯದ ಹೆಂಗಸಿನ ಕೊಡದಿಂದ ಯೇಸು ನೀರು ಕೇಳಿದಾಗ ಅವಳಿಗೇ ಆಶ್ಚರ್ಯವಾಯಿತು, ಏಕೆಂದರೆ ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದೇ ನೆಲದ ನಮ್ಮ ಸಭೆಗಳಲ್ಲಿ, ಮದುವೆಯ ಮಾತು ಬಂದ ಕೂಡಲೇ ‘ಅವರು ಮೊದಲು ಯಾವ ಓಣಿಯವರು?’ ಎಂಬ ಪಿಸುಮಾತು ಇಂದಿಗೂ ಏಳುತ್ತದೆ. ಹೊರಗಿನವರಿಗೆ ಇದು ತಿಳಿಯುವುದಿಲ್ಲ ಎಂದುಕೊಂಡರೆ ಅದು ಭ್ರಮೆ. ಕ್ರಿಸ್ತನಲ್ಲಿ ಭೇದವಿಲ್ಲ ಎಂದು ವೇದಿಕೆಯಿಂದ ಓದಿ, ಬೀಗತನದಲ್ಲಿ ಜಾತಿ ಹುಡುಕುವ ಸಭೆಗೆ ಬಂದು ಸೇರಿ ಎಂದು ಯಾವ ಮುಖದಿಂದ ಕರೆಯುವುದು? ನಿಮ್ಮ ಮಕ್ಕಳ ಮದುವೆಯ ಕಾಲಕ್ಕೆ ಈ ಮಾತು ನೆನಪಿರಲಿ. ಮಜೂರಿ ಪುಸ್ತಕಕ್ಕಿಂತ ಕಠಿಣವಾದ ಪರೀಕ್ಷೆ ಅದು.

ಕೊನೆಯದಾಗಿ ನಿಮ್ಮ ಸಭಾಪಾಲಕರ ತಿಂಗಳ ಲೆಕ್ಕ. ಅವರ ಉತ್ಸಾಹವನ್ನು ಹಳಿಯಬೇಡಿ. ಹೊಸ ಸಭೆಗೆ ಬಂದವರು, ಜನ ಎಚ್ಚರವಾಗಲಿ ಎಂಬ ಆಸೆಯಿಂದಲೇ ಕೇಳುತ್ತಿದ್ದಾರೆ. ಹಿಂಜರಿಯದೆ ಒಮ್ಮೆ ಅವರ ಮನೆಗೆ ಹೋಗಿ ಈ ಮಜೂರಿಯ ವಿಷಯವನ್ನು ಪೂರ್ತಿ ಹೇಳಿ. ಎಷ್ಟು ಜನರ ಹತ್ತಿರ ಮಾತನಾಡಿದೆ ಎಂಬ ಸಂಖ್ಯೆ ನನ್ನ ಹತ್ತಿರ ಇಲ್ಲ, ಆದರೆ ಸಾಹುಕಾರರ ಹತ್ತಿರ ಇಂಥ ದಿನ ಹೀಗೆ ಮಾತನಾಡಬೇಕೆಂದಿದ್ದೇನೆ, ಅಂದು ನನಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳಿ. ನಿಜವಾದ ಕುರುಬನಾದರೆ ಅವರು ಮುಂದೆ ಸಂಖ್ಯೆ ಕೇಳುವುದಿಲ್ಲ. ಸಭೆಯ ಕಮಿಟಿಯಲ್ಲಿ ನಿಮಗೆ ಮಾತನಾಡುವ ಅವಕಾಶವಿದ್ದರೆ ಇನ್ನೊಂದನ್ನೂ ಅಲ್ಲಿ ಎತ್ತಿ: ದೇವಾಲಯ ಗುಡಿಸುವ ಹೆಂಗಸಿಗೆ, ರಾತ್ರಿ ಕಾವಲಿನವನಿಗೆ ಸಭೆ ಎಷ್ಟು ಕೊಡುತ್ತಿದೆ, ಯಾವ ತಾರೀಖಿಗೆ ಕೊಡುತ್ತಿದೆ, ಹಿಂದಿನ ತಿಂಗಳದ್ದು ಬಾಕಿ ಇದೆಯೇ? ಲೆಕ್ಕ ಬರೆಯುವುದು ನಿಮಗೆ ಗೊತ್ತು. ಆ ಪುಸ್ತಕವನ್ನೂ ನೀವೇ ವಹಿಸಿಕೊಳ್ಳಿ.